ನೀಲಿ ತಲೆಯ ಮರದ ಮೊಳೆ

ಕಾಲೇಜಿನ ನನ್ನ ಕೋಣೆಯ ಮೇಜಿನ ಮೇಲೆ, ಎಡಗೈ ಬರುವ ಕಡೆ, ಒಂದು ಗುಂಡನೆಯ ಗುರುತಿದೆ. ಸುತ್ತಲಿನ ಮೇಜೆಲ್ಲ ಕಿಟಕಿಯ ಬಿಸಿಲಿಗೆ ಬಣ್ಣಗೆಟ್ಟು ಬೂದಿಯಾಗಿದೆ. ಆ ರೂಪಾಯಿಯಗಲದ ಜಾಗದಲ್ಲಿ ಮಾತ್ರ ಹಳೆಯ ಕಂದು ಬಣ್ಣ ಹಾಗೇ ಉಳಿದಿದೆ. ಇವತ್ತು ಬೆಳಿಗ್ಗೆ ಕೋಣೆ ಖಾಲಿ ಮಾಡಿಕೊಡಲು ಬಂದಾಗ ಅಟೆಂಡರ್ ನಾಗರಾಜು ಒದ್ದೆ ಬಟ್ಟೆಯಲ್ಲಿ ಅದನ್ನು ಉಜ್ಜಿ ಉಜ್ಜಿ ಸಾಕಾಗಿ, "ಇದೇನ್ ಸಾರ್, ಹೋಗಾಕೇ ಇಲ್ಲ ಅಂತದೆ" ಎಂದ.

"ಬಿಡಪ್ಪ, ಅದು ಕೊಳೆಯಲ್ಲ" ಎಂದೆ.

ಅವನು ಬಟ್ಟೆ ಹಿಂಡುತ್ತ, "ರಿಟೈರಾದ್ಮೇಲೆ ಏನ್ ಮಾಡ್ತೀರಿ ಸಾರ್? ಊರ್ ಕಡೆ ಜಮೀನು ಗಿಮೀನು ಐತಾ?" ಎಂದು ಕೇಳಿದ. ನಾನು ಪುಸ್ತಕದ ಕಟ್ಟಿಗೆ ಹುರಿ ಬಿಗಿಯುವವನಂತೆ ನಟಿಸಿದೆ. ಉತ್ತರ ಗೊತ್ತಿಲ್ಲದೆ ಅಲ್ಲ, ಹೇಳಲು ಆಯಾಸ. ಈಚೆಗೆ ನನಗೆ ಎಲ್ಲದಕ್ಕೂ ಆಯಾಸ. ಬಿಡದಿ ಸ್ಟೇಷನ್ನಿನ ಮೆಟ್ಟಿಲು ಹತ್ತುವುದಕ್ಕೆ, ಹಾಜರಿ ಕೂಗುವುದಕ್ಕೆ, ಸಂಜೆಯ ರೈಲಿನಲ್ಲಿ ರಾಮನಗರದವರೆಗೆ ನಿಂತೇ ಹೋಗುವುದಕ್ಕೆ.

ಆ ಗುರುತಿನ ಮೇಲೆ ವರ್ಷಗಟ್ಟಲೆ ನಿಂತಿದ್ದದ್ದು ಗೇಣುದ್ದದ ಒಂದು ಮರದ ಮೊಳೆ. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ದಪ್ಪ ತಲೆಗೆ ಚನ್ನಪಟ್ಟಣದ ಗೊಂಬೆಗಳಿಗೆ ಹಾಕುವಂಥ ನೀಲಿ ಅರಗಿನ ಬಣ್ಣ. ಕಾಗದ ಹಾರದಿರಲೆಂದು ಅದನ್ನು ಇಟ್ಟುಕೊಂಡಿದ್ದೆ. ಮಧ್ಯಾಹ್ನದ ಬಿಸಿಲು ಬಿದ್ದಾಗ ಅರಗು ಸ್ವಲ್ಪ ಕಾದು ಕೋಣೆಯ ತುಂಬ ಗೊಂಬೆ ಅಂಗಡಿಯ ವಾಸನೆ ಬರುತ್ತಿತ್ತು. ಈಗ ಮೊಳೆ ಇಲ್ಲ. ಆದರೂ ಬಗ್ಗಿ ಮೂಸಿದರೆ ಮೇಜಿನ ಆ ಜಾಗದಲ್ಲಿ ವಾಸನೆ ಉಳಿದಂತೆ ನನಗನ್ನಿಸುತ್ತದೆ. ನಾಗರಾಜು ಇಲ್ಲದ ಹೊತ್ತು ನೋಡಿ ಮೂಸಿದೆ. ನೀವು ನಗಬೇಡಿ.

ಇಷ್ಟು ಹೇಳಿದ ಮೇಲೆ ನನ್ನ ಕಸುಬನ್ನೂ ಹೇಳಿಬಿಡುತ್ತೇನೆ. ನಾನು ಮರದ ಮೇಷ್ಟ್ರು. ಕಟ್ಟಡ ವಿನ್ಯಾಸ ಕಲಿಸುವ ಕಾಲೇಜಿನಲ್ಲಿ, ಸಿಮೆಂಟು ಕಬ್ಬಿಣ ಕಡಿಮೆ ಮಾಡಿ ಬೆಳೆಸಿದ ಮರದಲ್ಲಿ ಮನೆ ಕಟ್ಟುವುದು ಹೇಗೆಂದು ಸಂಶೋಧನೆ ಮಾಡುತ್ತ ತಲೆ ನರೆಸಿಕೊಂಡವನು. ಕಾಡಿನ ತೇಗ, ಹೊನ್ನೆಯ ಮಾತಲ್ಲ. ಹೊಲದ ಬದುವಿನಲ್ಲಿ ಬೆಳೆಯುವ ಸಿಲ್ವರ್ ಓಕ್, ನೀಲಗಿರಿ, ಸೌದೆಗೆ ಹೋಗುವ ಸಣ್ಣ ದಿಮ್ಮಿಗಳು ನನ್ನ ವಿಷಯ. ಯಾವ ಮದುವೆ ಮನೆಗೆ ಹೋದರೂ ಯಾರಾದರೊಬ್ಬರು ಎಲೆಯ ಮುಂದೆ ಕೂತು, "ಅಲ್ಲ ಸಾರ್, ಮರ ಕಡಿದು ಪರಿಸರ ಉಳಿಸ್ತೀರಾ?" ಎಂದು ಕೇಳುತ್ತಿದ್ದರು. ಮೊದಮೊದಲು ಸಾರು ಆರಿಹೋಗುವವರೆಗೆ ವಿವರಿಸುತ್ತಿದ್ದೆ. ಆಮೇಲಾಮೇಲೆ, "ಹೌದು, ಏನೋ ಹಾಗೆ" ಎಂದು ಪಾಯಸದ ಕಡೆ ತಿರುಗುವುದನ್ನು ಕಲಿತೆ.

ನಿಜ ಹೇಳಬೇಕೆಂದರೆ ನಾನು ಕಟ್ಟಿದ್ದಕ್ಕಿಂತ ಮುರಿದದ್ದೇ ಹೆಚ್ಚು. ಮರ ಎಷ್ಟು ಭಾರ ತಡೆಯುತ್ತದೆಂದು ತಿಳಿಯಬೇಕಾದರೆ ಅದು ಮುರಿಯುವವರೆಗೂ ಯಂತ್ರದಲ್ಲಿ ಅದುಮಬೇಕು. ಒಳ್ಳೊಳ್ಳೆಯ ತೊಲೆಗಳನ್ನು ಹಾಗೆ ಮುರಿದು, ಮುರಿದ ಬಗೆಯನ್ನು ಬರೆದು, ಪ್ರೊಫೆಸರಾದೆ. ತುಂಡುಗಳು ಹಾಸ್ಟೆಲಿನ ಒಲೆಗೆ ಹೋದವು. ನನ್ನ ಸಂಶೋಧನೆಯಿಂದ ನಿಶ್ಚಿತವಾಗಿ ಪ್ರಯೋಜನವಾದದ್ದು ಹಾಸ್ಟೆಲಿನ ಮುದ್ದೆಗೆ ಎಂದು ಗೆಳೆಯರು ತಮಾಷೆ ಮಾಡುತ್ತಿದ್ದರು. ಇನ್ನು ನಾನಿರುವ ಮನೆಯೋ, ನೆಲದಿಂದ ನೀರಿನ ಟ್ಯಾಂಕಿನವರೆಗೆ ಸಿಮೆಂಟು. "ಮರದ ಮನೆ ಕಟ್ಟಿ, ಬೇಡ ಅನ್ನಲ್ಲ. ಗೆದ್ದಲು ಬಂದರೆ ನೀವೇ ನೋಡ್ಕೋಬೇಕು" ಎಂದು ನನ್ನ ಹೆಂಡತಿ ಒಂದೇ ಮಾತಿನಲ್ಲಿ ನನ್ನ ಶಾಸ್ತ್ರವನ್ನು ಮುಗಿಸಿದ್ದಳು.

ಆದರೂ ಒಂದನ್ನು ಕಟ್ಟಿದ್ದೆ. ಗುಡೇಮಾರನಹಳ್ಳಿಯ ಕಡೆ, ರಾಮಣ್ಣ ಮತ್ತು ಶಿವಲಿಂಗ ಎಂಬ ಅಣ್ಣತಮ್ಮಂದಿರಿಗೆ, ರೇಷ್ಮೆಹುಳ ಸಾಕುವ ಮನೆ. ಆಗಿನ್ನೂ ಅವರದು ಕೂಡು ಕುಟುಂಬ. ಅವರದೇ ಬದುವಿನ ಸಿಲ್ವರ್ ಓಕ್ ಮರಗಳು. ನನಗೆ ಪ್ರಯೋಗಕ್ಕೊಂದು ಜಾಗ ಬೇಕಿತ್ತು, ಅವರಿಗೆ ಹುಳಕ್ಕೊಂದು ಮನೆ ಬೇಕಿತ್ತು. ರಾಮಣ್ಣ ಹಾಕಿದ್ದು ಒಂದೇ ಷರತ್ತು.

"ಮರಕ್ಕೆ ಯಾವ ಔಸ್ದೀನೂ ಬಳೀಬಾರ್ದು ಸಾರ್. ವಾಸ್ನೆಗೇ ಸತ್ತೋಯ್ತವೆ. ಬೀಡಿ ಸೇದ್ದೋನನ್ನೇ ಒಳಿಕ್ ಬುಡಾಕಿಲ್ಲ ನಾವು."

ಮರ ಉಳಿಯಬೇಕಾದರೆ ಹುಳ ಹತ್ತಿರ ಸುಳಿಯಬಾರದು, ಇದು ನಮ್ಮ ವಿದ್ಯೆಯ ಮೊದಲ ಪಾಠ. ಈ ಮನೆ ಕಟ್ಟುವುದೇ ಹುಳಕ್ಕೆ! ಬೇರೆ ದಾರಿ ಕಾಣದೆ ಕಂಬಗಳನ್ನು ಮಾಗಡಿ ಕಡೆಯ ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದೆ. ಕಬ್ಬಿಣವನ್ನು ಪೂರ್ತಿ ಬಿಟ್ಟು, ಜಾಲಿ ಮರದ ಮೊಳೆಗಳಿಂದಲೇ ಅಂಕಣ ಅಂಕಣವಾಗಿ ಜೋಡಿಸಿದೆ. ಯಾವ ತುಂಡು ಹಾಳಾದರೂ ಅದೊಂದನ್ನು ಕಳಚಿ ಬದಲಾಯಿಸಬಹುದು ಎಂಬುದು ಲೆಕ್ಕಾಚಾರ. ಅಲ್ಲಿಂದಾಚೆ ನಾನು ಬರೆದ ಪ್ರತಿಯೊಂದು ಪ್ರಬಂಧದ ಕೊನೆಯಲ್ಲೂ ಒಂದು ವಾಕ್ಯ ತಪ್ಪದೆ ಬರುತ್ತಿತ್ತು: ಈ ಬಗೆಯ ಕಟ್ಟಡವನ್ನು ಪೂರ್ತಿ ಬಿಚ್ಚಿ ಬೇರೆ ಕಡೆ ಮತ್ತೆ ನಿಲ್ಲಿಸಬಹುದು. ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ, ನಾನೂ ಸೇರಿದಂತೆ.

ಮೊಳೆಗಳನ್ನು ಕಡೆದುಕೊಟ್ಟದ್ದು ಚನ್ನಪಟ್ಟಣದ ಅಜೀಜ್ ಭಾಯಿ, ಗೊಂಬೆ ಮಾಡುವವರು. ಬೆಣ್ಣೆಯಂಥ ಆಲೆ ಮರದಲ್ಲಿ ಬುಗುರಿ, ಗಿಲಿಕೆ ಕಡೆದ ಕೈ. ಜಾಲಿ ಮರ ನೋಡಿ, "ಇದು ನನ್ನ ಉಳೀನ ತಿಂದಾಕ್ತದೆ ಸಾರ್" ಎಂದು ಗೊಣಗಿಕೊಂಡೇ ಒಪ್ಪಿದರು. ತರಲು ಹೋದರೆ, ಗೋಣಿಚೀಲದಲ್ಲಿ ಒಂದೊಂದು ಮೊಳೆಯ ದಪ್ಪ ತಲೆಗೂ ಫಳಫಳ ಬಣ್ಣ! ಅಂಕಣಕ್ಕೊಂದು ಚೀಲ, ಚೀಲಕ್ಕೊಂದು ಬಣ್ಣ: ಒಂದರಲ್ಲಿ ಕೆಂಪು, ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ಹಸಿರು.

"ಇದೇನು ಭಾಯಿ, ಇದು ಕಟ್ಟಡಕ್ಕೆ. ಬಣ್ಣ ಯಾರು ಕೇಳಿದರು?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬಣ್ಣ ಕೊಡ್ದೆ ಹೆಂಗ್ ಸಾರ್ ಮಿಷಿನ್ನಿಂದ ಇಳಿಸ್ಲಿ? ಕೈ ತಾನೇ ಹೋಗ್ಬಿಡ್ತದೆ" ಎಂದರು. ಬಣ್ಣವಿಲ್ಲದ ಸಾಮಾನು ಅವರ ಪಾಲಿಗೆ ಇನ್ನೂ ಮುಗಿಯದ ಸಾಮಾನು. ನನ್ನ ಮುಖ ಕಂಡು ಪಾಪ ಅನ್ನಿಸಿತೋ ಏನೋ, ಉಳಿದ ಜಾಲಿ ತುಂಡಿನಲ್ಲಿ ಇನ್ನೊಂದು ಮೊಳೆ ಕಡೆದು, ತಲೆಗೆ ನೀಲಿ ಅರಗು ಹಚ್ಚಿ, ತಾಳೆಗರಿಯಲ್ಲಿ ತಿಕ್ಕಿ ಹೊಳಪು ಕೊಟ್ಟು, "ಇದು ನಿಮ್ ಟೇಬಲ್ಗೆ" ಎಂದು ನನ್ನ ಜೇಬಿಗೆ ಇಟ್ಟರು. ಆಮೇಲೆ ಪ್ರಬಂಧದಲ್ಲಿ ಅಚ್ಚು ಹಾಕಿಸುವಾಗ, ಓದುವ ವಿದ್ವಾಂಸರು ಆಟಿಕೆ ಎಂದುಕೊಂಡಾರೆಂದು ಆ ಮನೆಯ ಚಿತ್ರಗಳನ್ನೆಲ್ಲ ಕಪ್ಪುಬಿಳುಪು ಮಾಡಿದೆ. ಅಜೀಜ್ ಭಾಯಿ ಈಗಿಲ್ಲ. ಇದ್ದಾಗ ಇನ್ನೊಂದು ಸಲ ಹೋಗಿ ಚಹಾ ಕುಡಿದು ಬರಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಕಳೆದ ಬೇಸಿಗೆಯಲ್ಲಿ ಶಿವಲಿಂಗ ಫೋನು ಮಾಡಿದ. ಅಣ್ಣತಮ್ಮಂದಿರು ಪಾಲಾಗಿದ್ದರು. ಊರೊಳಗಿನ ಸಿಮೆಂಟಿನ ಮನೆಯ ನಡುವೆ ಇಟ್ಟಿಗೆ ಗೋಡೆ ಎದ್ದಿತ್ತು. ಗೋಡೆ ಸರಿಯಾಗಿ ಒಂದು ಕಿಟಕಿಯ ಮಧ್ಯಕ್ಕೇ ಬಂದು, ಕಿಟಕಿಯ ಒಂದು ಬಾಗಿಲು ಆಚೆಗೆ, ಇನ್ನೊಂದು ಈಚೆಗೆ ಉಳಿದಿತ್ತಂತೆ. ಮಾತುಕತೆ ನಿಂತು ತಿಂಗಳುಗಳಾಗಿದ್ದವು. ಹುಳದ ಮನೆಯ ವಿಷಯದಲ್ಲಿ ಹಿರಿಯರು ಮಾಡಿದ ತೀರ್ಮಾನವನ್ನು ಕೇಳಿ: ಮನೆ ತಮ್ಮನಿಗೆ, ಅದು ನಿಂತ ನೆಲ ಅಣ್ಣನಿಗೆ.

"ನೆಲ ಖಾಲಿ ಮಾಡು ಅಂತವ್ರೆ ಸಾರ್. ಬಿಚ್ಚಾಕಾಯ್ತದಾ? ಆಗ್ದಿದ್ರೆ ಸಾಮಿಲ್ನೋರು ಬತ್ತಾರೆ, ಕುಯ್ಕೊಂಡೋಯ್ತಾರೆ. ಹೊಸ್ದು ಕಟ್ಟೋ ಸಕ್ತಿ ನಂಗಿಲ್ಲ. ಹುಳ ಬುಟ್ಬುಡಬೇಕು ಅಷ್ಟೆ."

ನಾನು ಜೀವಮಾನದಲ್ಲಿ ಕಟ್ಟಿದ ಒಂದೇ ಒಂದು ಮನೆ. ಅದೂ ಸೌದೆಯಾದರೆ ಹಾಸ್ಟೆಲಿನ ಒಲೆಗೆ ಹೋದ ತುಂಡುಗಳಿಗೂ ಅದಕ್ಕೂ ಏನು ವ್ಯತ್ಯಾಸ? ನನ್ನ ಸಂಕಟ ಒಂದು ಕಡೆ ಇರಲಿ, ಅವನಿಗೆ ಬದುಕೇ ಅದು. "ಖಂಡಿತ ಬಿಚ್ಚಬಹುದು" ಎಂದೆ, ಪ್ರಬಂಧದಲ್ಲಿ ಬರೆದಷ್ಟೇ ಧೈರ್ಯದಿಂದ.

ನಾನು ಹೋಗುವ ಹೊತ್ತಿಗೆ ಹೆಂಚು ಇಳಿಸಿಯಾಗಿತ್ತು. ಆಳುಗಳು ಯಾರೂ ಇರಲಿಲ್ಲ. ಶಿವಲಿಂಗ, ಅವನ ಹೆಂಡತಿ ಭಾಗ್ಯಮ್ಮ, ಸೊಂಟ ನೋವಿನ ನಾನು. ರಾಮಣ್ಣ ದೂರದ ಹೊಂಗೆ ಮರದ ಕೆಳಗೆ ಟವೆಲ್ ಹಾಸಿಕೊಂಡು ಕೂತಿದ್ದ. ಸಾಮಿಲ್ಲಿನವನು ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಬೀಡಿ ಹಚ್ಚಿದ. ಇನ್ನು ಅಲ್ಲಿ ಬೀಡಿಗೆ ಯಾರ ತಕರಾರೂ ಇರಲಿಲ್ಲ.

ಮೊದಲನೆಯ ಮೊಳೆಗೇ ಶಿವಲಿಂಗ ಕೊಡತಿಯಿಂದ ಹೊಡೆದ. ಅಲುಗಲಿಲ್ಲ. ಇನ್ನಷ್ಟು ಹೊಡೆದ. ಚಟ್ಟೆಂದು ಸೀಳಿತೇ ಹೊರತು ಹೊರಗೆ ಬರಲಿಲ್ಲ. ಟ್ರ್ಯಾಕ್ಟರಿನವನು ಗಡಿಯಾರ ನೋಡಿಕೊಂಡ. ನನ್ನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಸುಮ್ಮನೆ ಇರಲಾರದೆ ಪಕ್ಕದ ಮೊಳೆಯ ಮೇಲಿನ ದೂಳನ್ನು ಕರವಸ್ತ್ರದಿಂದ ಒರೆಸಿದೆ. ಒಳಗಿಂದ ಕೆಂಪು ಬಣ್ಣ, ನಿನ್ನೆ ಹಾಕಿದ ಹಾಗೆ. ಬಣ್ಣ ಇದ್ದದ್ದು ದಪ್ಪ ತಲೆಗೆ ಮಾತ್ರ. ಅಂದರೆ ನಾವು ಇಷ್ಟು ಹೊತ್ತು ತಲೆಯ ಕಡೆಯಿಂದಲೇ ಹೊಡೆದು ಇನ್ನೂ ಬಿಗಿ ಮಾಡುತ್ತಿದ್ದೆವು.

"ಆ ಕಡೆಯಿಂದ ಹೊಡಿ ಶಿವಲಿಂಗ, ಬಣ್ಣ ಇಲ್ಲದ ಕಡೆಯಿಂದ" ಎಂದು ಕೂಗಿದೆ. ಮೆತ್ತಗೊಂದು ಏಟು ಬಿತ್ತು. ಕೆಂಪು ತಲೆ ಈಚೆಗೆ ಇಣುಕಿ, ಜಾರಿ, ನನ್ನ ಕಾಲ ಹತ್ತಿರ ಬಿತ್ತು. ಭಾಗ್ಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ನಗು ಬಂತು, ಕಣ್ಣೂ ಒದ್ದೆಯಾಯಿತು.

ಮೊಳೆ ಬಂತು ಸರಿ, ತೊಲೆ ಇಳಿಸಲು ಎರಡು ತುದಿಗೂ ಜನ ಬೇಕಲ್ಲ? ನನ್ನ ಸೊಂಟದ ವಿಷಯ ಎಲ್ಲರಿಗೂ ಗೊತ್ತಿತ್ತು. ಶಿವಲಿಂಗ ನನ್ನ ಮುಖ ನೋಡಿಕೊಂಡು, "ಸಾರ್, ಆ ಕಡೆ ಹಿಡಿಯಾಕೆ ಹೇಳಿ ಅವ್ರಿಗೆ" ಎಂದ. ನಾನು ಹೊಂಗೆ ಮರದವರೆಗೆ ಹೋಗಿ ಹೇಳಿದೆ. ರಾಮಣ್ಣ ಎದ್ದು ಬಂದು ತೊಲೆಯ ತುದಿಗೆ ಕೈ ಕೊಟ್ಟು, "ಹಿಡ್ದಿವ್ನಿ ಅನ್ನಿ" ಎಂದ. "ಹಿಡಿದಿದ್ದಾನಂತೆ" ಎಂದೆ. ಪ್ರೊಫೆಸರಾಗಿದ್ದವನು ರಾಯಭಾರಿಯಾಗಿದ್ದೆ. ಅಷ್ಟರಲ್ಲಿ ತೊಲೆ ವಾಲಿತು.

"ಎತ್ರುಕ್ ಹಿಡಿಯಲೇ, ತಲೆ ಮ್ಯಾಕೆ ಬತ್ತೈತೆ!"

"ನೀನ್ ಒಸಿ ಹಿಂದುಕ್ ಸರಿಯಣ್ಣ!"

ತೊಲೆ ನೆಲ ಮುಟ್ಟಿತು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತ ನಿಂತರು. ರಾಜಿಯಾಯಿತು ಎಂದು ನಾನು ಹೇಳುತ್ತಿಲ್ಲ. ಊರೊಳಗಿನ ಗೋಡೆ ಈಗಲೂ ಇದೆ. ಆದರೆ ಇಡೀ ಮನೆ ಇಳಿಯುವವರೆಗೆ ಪ್ರತಿ ತೊಲೆಗೂ ಅವರು ಮಾತಾಡಲೇಬೇಕಾಯಿತು. ಟ್ರ್ಯಾಕ್ಟರಿನವನು ಖಾಲಿ ಗಾಡಿ ಹೊಡೆದುಕೊಂಡು ಹೋದ. ಭಾಗ್ಯಮ್ಮ ಕೆಂಪಿನವನ್ನು ಕೆಂಪಿನ ಅಂಕಣದ ತುಂಡುಗಳ ಜೊತೆ, ಹಸಿರಿನವನ್ನು ಹಸಿರಿನವುಗಳ ಜೊತೆ ಬೇರೆ ಬೇರೆ ಇಟ್ಟಳು. ಗೊಂದಲಕ್ಕೆ ಎಡೆಯೇ ಇರಲಿಲ್ಲ. ಅಜೀಜ್ ಭಾಯಿಯ ಕೈ ತಾನೇ ಹೋಗಿ ಬಳಿದ ಬಣ್ಣವನ್ನು ನಾನು ಕಪ್ಪುಬಿಳುಪು ಮಾಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಓಣಿಯಾಚೆ ಶಿವಲಿಂಗನ ಹೊಲದಲ್ಲಿ ಮನೆ ಮತ್ತೆ ಎದ್ದಿತು. ಸೀಳಿದ್ದ ಮೊಳೆ ಮಾತ್ರ ಕೆಲಸಕ್ಕೆ ಬರಲಿಲ್ಲ. "ಬೋಲ್ಟ್ ಹಾಕ್ಬುಡಾಣ ಬುಡಿ ಸಾರ್" ಎಂದ ಶಿವಲಿಂಗ. ಬೇಡವೆಂದು ಕಾಲೇಜಿಗೆ ಹೋಗಿ ಮೇಜಿನ ಮೇಲಿನ ನೀಲಿ ಮೊಳೆಯನ್ನು ಕೈಗೆ ತೆಗೆದುಕೊಂಡೆ. ಸುಳ್ಳೇಕೆ ಹೇಳಲಿ, ಕೊಡಲು ಮನಸ್ಸಿರಲಿಲ್ಲ. ನನ್ನದೆಂದು ಉಳಿದದ್ದು ಅದೊಂದೇ. ಒಂದಿಡೀ ಸಂಜೆ ಅದನ್ನು ಹಿಡಿದುಕೊಂಡು ಕೂತಿದ್ದು, ಮರುದಿನ ಮಾಗಡಿ ಬಸ್ಸು ಹತ್ತಿದೆ.

ಶಿವಲಿಂಗ ಅದನ್ನು ತೂತಿಗಿಟ್ಟು ಹೊಡೆದ. ತನ್ನ ಬದುವಿನ ಮೇಲೆ ನಿಂತಿದ್ದ ರಾಮಣ್ಣ ಅಲ್ಲಿಂದಲೇ, "ಇನ್ನೊಂದೇಟ್ ಹಾಕ್ಲಾ, ಒಳಿಕ್ ಕೂತಿಲ್ಲ" ಎಂದ. ಶಿವಲಿಂಗ ಇನ್ನೊಂದೇಟು ಹಾಕಿದ. ಭಾಗ್ಯಮ್ಮ ಕತ್ತೆತ್ತಿ ನೋಡಿದಳು.

"ಎಲ್ಲಾ ಕೆಂಪು, ಹಳದಿ, ಹಸ್ರು. ಅದೊಂದು ನೀಲಿ. ನಾಳೆ ನಮ್ ಮಕ್ಳು ಪಾಲಾಗೋವಾಗ ಗ್ಯಾಪ್ಕ ಮಡಗ್ಲಿ. ಅದು ಮೇಷ್ಟ್ರ ಪಾಲು" ಎಂದಳು.

ಹುಳಗಳು ಈಗ ಅಲ್ಲಿ ಎರಡನೆಯ ಜ್ವರದಲ್ಲಿವೆಯಂತೆ, ಎಂದರೆ ಎರಡನೆಯ ಸಲ ಪೊರೆ ಬಿಡುತ್ತಿವೆ. ಮೊನ್ನೆ ಶಿವಲಿಂಗ ಫೋನಿನಲ್ಲಿ ಹೇಳಿದ. ಆಯಾಸ ನನಗೆ ಈಗಲೂ ಹಾಗೇ ಇದೆ. ಸಂಜೆ ರೈಲಿನಲ್ಲಿ ಸೀಟೂ ಸಿಗುವುದಿಲ್ಲ.

ನಾಗರಾಜು ಕೊನೆಯ ಕಟ್ಟನ್ನು ಹೆಗಲಿಗೇರಿಸಿಕೊಂಡು, ಬಿಡದೆ ಮತ್ತೆ ಕೇಳಿದ: "ಜಮೀನೈತಾ ಸಾರ್? ನೀವು ಹೇಳ್ನೇ ಇಲ್ಲ."

"ಜಮೀನಿಲ್ಲ ಕಣಪ್ಪ. ಒಂದು ಪಾಲಿದೆ, ಗುಡೇಮಾರನಹಳ್ಳಿ ಕಡೆ."

"ಎಷ್ಟೈತೆ ಸಾರ್?"

ಹೆಬ್ಬೆರಳು ಕಿರುಬೆರಳು ಅಗಲಿಸಿ ಆ ಗುರುತಿನ ಪಕ್ಕದಲ್ಲಿಟ್ಟು ತೋರಿಸಿದೆ. ಒಂದು ಗೇಣು.