ಅತ್ತಿಗೆ ಜೋಡಿಸಿದ ಕಂಪ್ಯೂಟರ್

ಮೊನ್ನೆ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಒಳಗಿನಿಂದ ಕಾದು ಆರಿದ ಧೂಳಿನ ವಾಸನೆ ಬಂತು. ಗುಜರಿಗೆ ಹಾಕುವ ಮೊದಲು ಬೇಕಾದ್ದನ್ನು ಬಿಚ್ಚಿಟ್ಟುಕೊಳ್ಳೋಣ ಎಂದು ಕುಳಿತವನು ಸ್ಕ್ರೂಡ್ರೈವರ್ ಹಿಡಿದು ಸುಮ್ಮನೆ ಕುಳಿತೇ ಇದ್ದೆ. ಹಿಂದಿನ ರಾತ್ರಿಯ ಆರತಕ್ಷತೆ, ಬೆಳಗಿನ ಧಾರೆ ಮುಗಿಸಿ ಬಂದ ಮೈ. ಅತ್ತಿಗೆಯ ನೆನಪಾಯಿತು...

ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಈ ಸ್ಟುಡಿಯೊ ಅಣ್ಣನದು. ಅವನು ತೀರಿಕೊಂಡ ಮೇಲೆ ಮದುವೆಗಳಿಗೆ ಕ್ಯಾಮೆರಾ ಹೊತ್ತು ನಾನು ಹೋಗತೊಡಗಿದೆ. ತಂದ ವಿಡಿಯೊ ಕತ್ತರಿಸಿ ಜೋಡಿಸುವ ಮಿಕ್ಸಿಂಗಿಗೆ ಅತ್ತಿಗೆ ಕುಳಿತರು. ಅಜ್ಜಂಪುರದ ತವರಿನವರು ಬಂದುಬಿಡು ಎಂದರೂ ಹೋಗಲಿಲ್ಲ. ಮದುವೆ ಮನೆಗೆ ಮಾತ್ರ ಎಂದೂ ಬರುತ್ತಿರಲಿಲ್ಲ. ಒಮ್ಮೆ ಒತ್ತಾಯ ಮಾಡಿದ್ದಕ್ಕೆ, "ನಾನು ಎದುರಿಗೆ ಬಂದ್ರೆ ಮುಖ ತಿರುಗ್ಸೋರು ಇರ್ತಾರೆ ಕಣಪ್ಪ. ನೀನು ತಂದ್ಹಾಕು, ಇಲ್ಲೇ ಕೂತ್ಕಂಡು ನೋಡ್ತೀನಿ" ಅಂದಿದ್ದರು. ಮತ್ತೆ ಕರೆಯಲಿಲ್ಲ.

ಆ ವರ್ಷ ಹೊಸ ಕ್ಯಾಮೆರಾ ಬಂದಿತ್ತು. ಅದರ ದೊಡ್ಡ ದೊಡ್ಡ ಫೈಲುಗಳು ಅಣ್ಣನ ಕಾಲದ ಕಂಪ್ಯೂಟರಿಗೆ ಜಗ್ಗಲಿಲ್ಲ. ತಾಳಿ ಕಟ್ಟುವ ಕೈ ಅರ್ಧಕ್ಕೇ ನಿಂತು, ನಾವು ಚಹಾ ಕುಡಿದು ಬಂದ ಮೇಲೆ ಮುಂದಕ್ಕೆ ಚಲಿಸುತ್ತಿತ್ತು. ಪ್ರೊಸೆಸರ್ ಒಂದು ಬದಲಾದರೆ ಎಲ್ಲ ಸರಿಹೋಗುತ್ತದೆ ಎಂದು ಇಬ್ಬರೂ ನಂಬಿದೆವು. ಅದರ ಹಳೆಯ ಮದರ್‌ಬೋರ್ಡಿಗೆ ಕೂರುವುದರಲ್ಲೇ ಎಲ್ಲಕ್ಕಿಂತ ಜೋರಿನದನ್ನು ಕಡೂರಿನಿಂದ ತಂದು ಹಾಕಿದೆವು. ಉಳಿದದ್ದೆಲ್ಲ ಹಳೆಯದೇ. ಅದೇ ಸಣ್ಣ ರ‍್ಯಾಮ್, ಅದೇ ಹಾರ್ಡ್ ಡಿಸ್ಕ್, ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಅದೇ ಅಗ್ಗದ ಪವರ್ ಸಪ್ಲೈ ಡಬ್ಬಿ.

ಅಷ್ಟರಲ್ಲಿ ಹಿರೇನಲ್ಲೂರಿನ ಹುಡುಗನೊಬ್ಬ ಬಂದ. ಅವನ ಮದುವೆಗೆ ನಾನೇ ಹೋಗಿದ್ದೆ. ಮದುವೆಯಾದ ಕೆಲವೇ ದಿನಕ್ಕೆ ಅವನ ಅಪ್ಪ ಎದೆನೋವೆಂದು ಕುಳಿತವರು ಏಳಲಿಲ್ಲವಂತೆ. ಬಾಗಿಲಲ್ಲೇ ನಿಂತು ಹೇಳಿದ: "ನಮ್ಮವ್ವ ಅಪ್ಪನ ಧ್ವನಿ ಕೇಳ್ಬೇಕು ಅಂತಾಳೆ. ಅವರ ಶಿವಗಣಾರಾಧನೆ ಹೊತ್ಗೆ ಮದ್ವೆ ವಿಡಿಯೊ ಕೊಡ್ತೀರಾ?"

ನಾನು ಯೋಚಿಸುವುದರೊಳಗೆ ಅತ್ತಿಗೆ, "ಕೊಡ್ತೀವಿ, ಹೋಗಪ್ಪ" ಅಂದುಬಿಟ್ಟರು.

ಕತ್ತರಿಸಿ ಜೋಡಿಸುವ ತನಕ ಕಂಪ್ಯೂಟರ್ ಹೇಗೋ ನಡೆಯಿತು. ಎಲ್ಲ ಸೇರಿಸಿ ಪೂರ್ತಿ ವಿಡಿಯೊ ಮಾಡಲು ಕೊಟ್ಟರೆ ಅರ್ಧ ದಾರಿಯಲ್ಲಿ ಥಟ್ಟನೆ ಆರಿಹೋಗುತ್ತಿತ್ತು. ಮತ್ತೆ ಹಚ್ಚಿದರೆ ಮತ್ತೆ ಹಾಗೇ. ಮಾಡಿದ್ದೆಲ್ಲ ಹೋಗಿ ಮೊದಲಿನಿಂದ ಶುರು. ಕರೆಂಟಿನ ದೋಷ ಎಂದು ಯುಪಿಎಸ್ ಬದಲಿಸಿದೆ. ಪ್ರೋಗ್ರಾಮಿನ ದೋಷ ಎಂದು ಅದನ್ನೂ ಹೊಸದಾಗಿ ಹಾಕಿದೆ. ಕೊನೆಗೆ ಅತ್ತಿಗೆ ಪವರ್ ಸಪ್ಲೈ ಮೇಲೆ ಕೈಯಿಟ್ಟು ಚಟ್ಟನೆ ಹಿಂದಕ್ಕೆಳೆದುಕೊಂಡರು. ಹೊಸ ಪ್ರೊಸೆಸರ್ ಪೂರ್ತಿ ದುಡಿಯಲು ಕೂತಾಗ ಕೇಳುವಷ್ಟು ಕರೆಂಟ್ ಕೊಡುವ ತ್ರಾಣ ಆ ಡಬ್ಬಿಗೆ ಇರಲಿಲ್ಲ. ಹೊಸದನ್ನು ಹುಡುಕಿ ತರಿಸುವಷ್ಟು ದಿನವೂ ಉಳಿದಿರಲಿಲ್ಲ.

"ಹಳೇ ಪ್ರೊಸೆಸರ್ ಎಲ್ಲಿಟ್ಟಿದೀಯ?" ಎಂದು ಕೇಳಿದರು.

"ಅದನ್ನ ಹಾಕಿದ್ರೆ ಇದ್ದಲ್ಲಿಗೇ ಬಂದಂಗಾಯ್ತಲ್ಲ ಅತ್ಗೆ."

"ಬರ್ಲಿ ಬಿಡು. ಅದು ನಿಧಾನಕ್ಕಾದ್ರೂ ಮುಗಿಸ್ತದೆ. ಇದು ಓಡಿ ಓಡಿ ಬೀಳ್ತಾ ಐತೆ."

ಹಳೆಯದನ್ನೇ ಕೂರಿಸಿದೆ. ಇಡೀ ಮದುವೆ ಅದರಿಂದ ಆಗುವಂತಿರಲಿಲ್ಲ. ಅತ್ತಿಗೆ ಆ ಅಪ್ಪ ಕಾಣಿಸುವ ಕಡೆಗಳನ್ನಷ್ಟೇ ಆರಿಸಿದರು. ಊಟದ ಪಂಕ್ತಿ ಬಂದರೆ ಸಿನಿಮಾ ಹಾಡು ಹಾಕುವುದು ನಮ್ಮ ರೂಢಿ. ಅಂದು ಹಾಡು ತೆಗೆದರು. ಪಾತ್ರೆಗಳ ಸದ್ದು, ಯಾರದೋ ಕೆಮ್ಮು, ಅದರ ನಡುವೆ ಆ ಮನುಷ್ಯನ ಧ್ವನಿ: "ಪಾಯಸ ತಗಂಬರ್ರಪ್ಪ, ಈ ಕಡೆ ಎಲೆ ನೋಡ್ರಿ." ಅತ್ತಿಗೆ ಅದನ್ನು ಹಾಗೆಯೇ ಬಿಟ್ಟರು. ಬೆಳಗಿನಿಂದ ಸಂಜೆಯ ತನಕ ಕಂಪ್ಯೂಟರ್ ತೆವಳಿತು, ಆದರೆ ಆರಲಿಲ್ಲ.

ಅದನ್ನು ಹಿರೇನಲ್ಲೂರಿನ ಅವರ ಮನೆಗೆ ತಲುಪಿಸಿ ನಾನು ಅಲ್ಲೇ ಇದ್ದೆ. ಆ ತಾಯಿ ಗೋಡೆಗೊರಗಿ ಕೂತು ನೋಡಿದರು. ಅಳಲಿಲ್ಲ. ಮುಗಿದ ಮೇಲೆ ಮಗನಿಗೆ, "ಎಲೆ ನೋಡ್ರಿ ಅಂತಾರಲ್ಲ, ಅದಿನ್ನೊಂದ್ಸಲ ಹಾಕು" ಅಂದರು. ಬಂದು ಅತ್ತಿಗೆಗೆ ಹೇಳಿದೆ. "ಧ್ವನಿ ಸರ್ಯಾಗಿ ಕೇಳಿಸ್ತಾ?" ಎಂದಷ್ಟೇ ಕೇಳಿ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ...

ಮುಂದಿನ ಮಳೆಗಾಲದಲ್ಲಿ ಹೊಸ ಕಂಪ್ಯೂಟರ್ ಜೋಡಿಸಲು ಇಬ್ಬರೂ ಕಡೂರಿಗೆ ಹೋದೆವು. ಅಂಗಡಿಯವನು ಮತ್ತೆ ಅತಿ ದುಬಾರಿ ಪ್ರೊಸೆಸರನ್ನೇ ಮುಂದಿಟ್ಟ. ಅತ್ತಿಗೆ ನಡುಮಟ್ಟದ್ದನ್ನು ಆರಿಸಿದರು. ಉಳಿದ ದುಡ್ಡನ್ನು ಹೆಚ್ಚಿನ ರ‍್ಯಾಮಿಗೆ, ಬೇಗ ಓದುವ ಹೊಸ ಬಗೆಯ ಡಿಸ್ಕಿಗೆ, ಗಟ್ಟಿ ಪವರ್ ಸಪ್ಲೈಗೆ, ಒಳ್ಳೆಯ ಫ್ಯಾನಿಗೆ ಹಂಚಿದರು. "ಜೋಡಿ ಎತ್ತು ಸಮ ಇಲ್ದಿದ್ರೆ ಗಾಡಿ ಪಕ್ಕಕ್ಕೆ ಎಳೀತದೆ" ಎಂದು ಬಸ್ಸಿನಲ್ಲಿ ಹೇಳಿದರು. ಮೊನ್ನೆ ನಾನು ಬಿಚ್ಚಿದ್ದು ಅದನ್ನೇ. ಎಷ್ಟೋ ವರ್ಷ ದುಡಿಯಿತು. ಕೆಲಸದ ನಡುವೆ ಒಮ್ಮೆಯೂ ಕೈಕೊಡಲಿಲ್ಲ.

ಹೋದ ವರ್ಷ ಅತ್ತಿಗೆ ಜ್ವರವೆಂದು ಮಲಗಿದರು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ವಾಪಸ್ ಬರಲಿಲ್ಲ. ಪೂಜೆಗೆ ಇಡಲು ಫೋಟೊ ಬೇಕಾಯಿತು. ಅವರ ಮದುವೆಯ ಆಲ್ಬಮ್ಮಿನಲ್ಲಿ ಹೂ ಮುಡಿದ ಹುಡುಗಿ ಇದ್ದಳು. ಆಮೇಲಿನ ಅತ್ತಿಗೆ ಎಲ್ಲೂ ಇರಲಿಲ್ಲ. ಇದ್ದಬದ್ದ ಡಿಸ್ಕುಗಳನ್ನೆಲ್ಲ ತೆರೆದೆ. ಮೂರು ತಾಲ್ಲೂಕಿನ ಜನ ಉಣ್ಣುತ್ತಿದ್ದರು, ನಗುತ್ತಿದ್ದರು... ಕೊನೆಗೆ ಆಧಾರ್ ಕಾರ್ಡಿನ ಮಸುಕು ಮುಖವನ್ನೇ ದೊಡ್ಡದು ಮಾಡಿದೆ. ಎಷ್ಟು ತಿದ್ದಿದರೂ ಕಣ್ಣು ಸ್ಪಷ್ಟವಾಗಲಿಲ್ಲ.

ಆ ಫೋಟೊ ಈಗ ಕೌಂಟರಿನ ಮೇಲಿದೆ. ಮಗುವಿಗೆ ಪಾಸ್‌ಪೋರ್ಟ್ ಸೈಜ್ ತೆಗೆಸಲು ಬಂದ, ನಾವೇ ಮದುವೆ ವಿಡಿಯೊ ಮಾಡಿಕೊಟ್ಟಿದ್ದ ಗಂಡ ಹೆಂಡತಿ, ಇವರು ಯಾರು ಎಂದು ಕೇಳುತ್ತಾರೆ. ನಮ್ಮ ಅತ್ತಿಗೆ ಅನ್ನುತ್ತೇನೆ. ನಿಮ್ಮ ಮದುವೆಯನ್ನು ನಿಮಗಿಂತ ಹೆಚ್ಚು ಸಲ ನೋಡಿದವರು ಎಂದು ಹೇಳಬೇಕೆನಿಸುತ್ತದೆ. ಮಗುವಿನ ಗಲ್ಲ ಹಿಡಿದು ನೇರ ಕೂರಿಸುತ್ತೇನೆ.