ಜೀಪು ಎತ್ತರಿಸಿದ ವರ್ಷ

ಜೀಪನ್ನು ಎತ್ತರ ಮಾಡಿಸಲು ಗಜೇಂದ್ರಗಡಕ್ಕೆ ಹೊರಟಾಗ ಗಂಡ "ಬರ್ತಿ?" ಎಂದರು. ಸೀರೆ ಬದಲಿಸಿ ಹತ್ತಿ ಕುಳಿತೆ. ಆ ವರ್ಷವೆಲ್ಲ ನಾನು ಹಾಗೇ ಇದ್ದೆ. ಉಣ್ಣು ಎಂದರೆ ಉಣ್ಣುತ್ತಿದ್ದೆ, ಮಲಗು ಎಂದರೆ ಮಲಗುತ್ತಿದ್ದೆ.

ಅದರ ಹಿಂದಿನ ಮಳೆಗಾಲದಲ್ಲಿ ನಾನು ಬಸುರಿ. ಯಾವಗಲ್ ಊರಿನ ನಮ್ಮ ಹೊಲಕ್ಕೆ ಹೋದಾಗ ದಿನ ತುಂಬುವ ಮೊದಲೇ ನೋವು ಬಂತು. ಹೊಲದಿಂದ ಡಾಂಬರು ರಸ್ತೆಯವರೆಗೆ ಬರೀ ಎರೆಮಣ್ಣಿನ ದಾರಿ. ನಡುವಿನ ತಗ್ಗಿನಲ್ಲಿ ಜೀಪು ಹೊಟ್ಟೆ ಹಚ್ಚಿ ಕೂತುಬಿಟ್ಟಿತು. ಗಾಲಿಗಳು ಇದ್ದಲ್ಲೇ ತಿರುಗಿದವು. ಯಾರದೋ ಟ್ರ್ಯಾಕ್ಟರ್ ಬಂದು ಎಳೆದು, ದವಾಖಾನೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಹೆಣ್ಣು ಕೂಸು. ಅಳಲೇ ಇಲ್ಲ.

ಗ್ಯಾರೇಜಿನ ಮಿಸ್ತ್ರಿ ಜೀಪಿನ ಕೆಳಗೆ ನುಸುಳಿ ನೋಡಿ ಎದ್ದರು. "ಬರೇ ದೊಡ್ಡ ಟಾಯರ್ ಹಾಕಿದ್ರ ಆಗೂದಿಲ್ರಿ. ಹೊಳ್ಳಿಸಿದಾಗ ಮಡಗಾರ್ಡಿಗೆ ತಿಕ್ಕತಾವ. ಪಾಟಾ ಈಗ ಅಚ್ಚಿನ ಕೆಳಗ ಅದಾವಲ್ರಿ, ಅವನ್ನ ಮ್ಯಾಲ ಕೂಡಸ್ತೇನಿ. ಗಾಡಿ ತಾನ ಎದ್ದ ನಿಲ್ತೈತಿ."

ಪಾಟಾ ಎಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಕಬ್ಬಿಣದ ಪಟ್ಟಿಗಳು. ಗಾಡಿಯ ಭಾರವೆಲ್ಲ ಅವುಗಳ ಮೇಲೆ. ಎಷ್ಟು ಪಟ್ಟಿ ಬೇಕೆಂಬುದು ಗಾಡಿಯಲ್ಲಿ ಕೂರುವವರನ್ನು ನೋಡಿಕೊಂಡು.

"ಮನಿಯವ್ರು ಎಷ್ಟ ಮಂದಿ ಕೂಡತೀರಿ?" ಎಂದು ಮಿಸ್ತ್ರಿ ಕೇಳಿದರು.

"ಮೂರ ಮಂದಿ. ನಾನು, ಇಕಿ, ನಮ್ಮವ್ವ."

"ಸಣ್ಣ ಹುಡುಗ್ರು?"

ಗಂಡ ಅಲ್ಲೇ ಬಿದ್ದಿದ್ದ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡತೊಡಗಿದರು. "ಇಲ್ರಿ" ಎಂದು ನಾನೇ ಹೇಳಿದೆ. ಬಸ್ ಬಂತೇನು ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದೆ. ನನಗೆ ಏನೂ ಅನಿಸಲಿಲ್ಲ. ಏನೂ ಅನಿಸದಿದ್ದುದಕ್ಕೆ ಮಾತ್ರ ಸ್ವಲ್ಪ ಹೆದರಿಕೆಯಾಯಿತು.

ಜೀಪು ಮನೆಗೆ ಬಂದಾಗ ಓಣಿಯ ಗಂಡಸರೆಲ್ಲ ಸುತ್ತ ನಿಂತು ಟಾಯರ್ ಮುಟ್ಟಿ ಮುಟ್ಟಿ ಹೊಗಳಿದರು. "ಇದನ್ನ ಹತ್ತಾಕ ನಿಚ್ಚಣಿಕಿ ಬೇಕಲ್ಲೋ" ಎಂದು ಅತ್ತೆ ನಗಾಡಿದರು. ಅವರೆಲ್ಲರ ಮೇಲೆ, ಗಂಡನ ಮೇಲೆ, ಆ ಹೊಸ ಟಾಯರುಗಳ ಮೇಲೆ ನನಗೆ ಸಿಟ್ಟಿತ್ತು. ಈಗ ಎತ್ತರವಾಗಿ ಯಾರನ್ನು ಉಳಿಸುತ್ತದೆ ಇದು? ಆ ದಾರಿಯಲ್ಲಿ ಮತ್ತೆ ಹೋಗುವುದಿಲ್ಲವೆಂದು ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟಿದ್ದೆ.

ಸೀಗೆ ಹುಣ್ಣಿಮೆ ಬಂತು. ಪೈರು ಹೊತ್ತ ಭೂಮಿಯನ್ನು ಬಸುರಿ ಎಂದೇ ತಿಳಿದು, ಹೊಲಕ್ಕೆ ಹೋಗಿ ಬಯಕೆಯ ಊಟ ಬಡಿಸಿ, ಅದನ್ನೇ ಹೊಲದ ತುಂಬ ಎರಚಿ ಚರಗ ಚೆಲ್ಲುವ ಹಬ್ಬ. ಹಿಂದಿನ ದಿನ ಮಳೆ ಬೇರೆ ಬಿದ್ದಿತ್ತು. ಕಡುಬು, ಹೋಳಿಗೆ, ಪುಂಡಿಪಲ್ಯ ಕಟ್ಟಿದ ಅತ್ತೆ ಬುಟ್ಟಿಯೊಂದಿಗೆ ಹಿಂದೆ ಹತ್ತಿ ಕುಳಿತು, "ನೀ ಬರದಿದ್ರ ಭೂಮಿತಾಯಿಗೆ ಉಡಿ ತುಂಬಾವ್ರ್ಯಾರವಾ?" ಎಂದರು. ಇಲ್ಲ ಎನ್ನುವುದಕ್ಕೂ ಬಲ ಬೇಕು. ಹತ್ತಿದೆ.

ಅಂದು ಜೀಪು ಕೂತಿದ್ದ ತಗ್ಗು ಹತ್ತಿರವಾದಾಗ ಗಂಡ ಗೇರ್ ಬದಲಿಸಿದರು. ನಾನು ಮುಂದಿನ ಕಂಬಿ ಹಿಡಿದೆ. ಜೀಪು ಒಮ್ಮೆ ಎಡಕ್ಕೆ ವಾಲಿತು, ಗಾಲಿಗಳು ಮಣ್ಣು ಚಿಮ್ಮಿಸಿದವು, ಆಚೆ ದಂಡೆಗೆ ಬಂದುಬಿಟ್ಟೆವು. ಅಷ್ಟೇ. ಉಸಿರು ಹಿಡಿದು ಬಿಡುವಷ್ಟು ಹೊತ್ತು. ಅಂದೂ ಇಷ್ಟೇ ಹೊತ್ತು ಸಾಕಿತ್ತು.

ಗಂಡ ಗಾಡಿ ನಿಲ್ಲಿಸಿ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡು ಕುಳಿತರು. ಆಮೇಲೆ ರಿವರ್ಸ್ ಹಾಕಿದರು. ತಗ್ಗಿಗಿಳಿದು ಹಿಂದಕ್ಕೆ ಹೋಗಿ ಮತ್ತೆ ದಾಟಿಸಿದರು. ಮತ್ತೆ ಹಿಂದಕ್ಕೆ.

"ಏನಾಗೇತೋ ನಿನಗ? ಬುತ್ತಿ ಎಲ್ಲಾ ಚೆಲ್ಲಾಕತ್ತೇತಿ!" ಎಂದು ಅತ್ತೆ ಕೂಗಿದರು.

ಗಂಡ ಬ್ರೇಕ್ ಒತ್ತಿ ನನ್ನ ಕಡೆ ನೋಡಿದರು. ನಾನು ನಮ್ಮ ಕೂಸಿದ್ದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದೆ.

"ಇನ್ನೊಮ್ಮೆ ದಾಟಸ್ರಿ" ಎಂದೆ.