ಬಣ್ಣ ಹಚ್ಚದ ದುರ್ಯೋಧನ

ವೇದಿಕೆಯ ಮೇಲೆ ದುರ್ಯೋಧನ ಗದೆ ಎತ್ತಿ ಅಬ್ಬರಿಸುತ್ತಿದ್ದ. ನನ್ನ ರೀಲಿನಲ್ಲಿ ಉಳಿದಿದ್ದು ಒಂದೇ ಫೋಟೋ, ಅದು ಅವನಿಗೇ ಮೀಸಲು. ಬಟನ್ ಒತ್ತುವ ಮುನ್ನ ಯಾಕೋ ಹಿಂದೆ ತಿರುಗಿದೆ. ಕೆಳಗೆ ಕೂತಿದ್ದ ಹಾರ್ಮೋನಿಯಂ ಮೇಷ್ಟ್ರು ಕಣ್ಣರಳಿಸಿ, ಕೊರಳ ನರ ಉಬ್ಬಿಸಿ, ದುರ್ಯೋಧನನ ಮಾತನ್ನೆಲ್ಲ ಸದ್ದಿಲ್ಲದೆ ತುಟಿಯಲ್ಲೇ ಆಡುತ್ತಿದ್ದರು. ಕೈ ತಡೆಯಲಿಲ್ಲ. ಕೊನೆಯ ಫೋಟೋ ಅವರದಾಯಿತು.

ಎಂಬತ್ತರ ದಶಕದ ಮಾತು. ಸಂತೇಬೆನ್ನೂರಿನವರು ತಾವೇ ಆಡುವ ನಾಟಕದ ಕರಪತ್ರಕ್ಕೆಂದು ಹಗಲಲ್ಲೇ ವೇಷ ಕಟ್ಟಿ, ಫೋಟೋ ತೆಗೆಯಲು ನನ್ನನ್ನು ಕರೆಸಿದ್ದರು.

ನಾಲ್ಕನೇ ದಿನ ದುರ್ಯೋಧನನ ಪಾರ್ಟಿನ ಅಡಿಕೆ ಸಾಹುಕಾರರು ಚನ್ನಗಿರಿಯ ನನ್ನ ಸ್ಟುಡಿಯೋಗೇ ಬಂದುಬಿಟ್ಟರು.

“ನಂದೆಲ್ಲಿ ಐತ್ರಿ, ಗದೆ ಎತ್ತಿದ್ದು?”

ಇನ್ನು ಈ ಊರಲ್ಲಿ ನನ್ನ ಕಸುಬು ಮುಗಿಯಿತು ಅಂದುಕೊಂಡೇ ಮೇಷ್ಟ್ರ ಫೋಟೋ ಮುಂದಿಟ್ಟೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಮೂರು ತಿಂಗಳು ಈ ಮುಖ ನೋಡ್ಕೊಂತಲೇ ಪಾರ್ಟು ಕಲ್ತೀನ್ರಿ. ಅಸಲಿ ದುರ್ಯೋಧನ ಇವರೇ. ಕರಪತ್ರದಾಗೆ ಎಲ್ಲರಿಗಿಂತ ಮ್ಯಾಲೆ ಇದನ್ನೇ ಹಾಕಸ್ರಿ.”

ಹಾಗೇ ಆಯಿತು. ಎಷ್ಟೋ ಊರಿಗೆ ನಾಟಕ ಕಲಿಸಿದ್ದ ಮೇಷ್ಟ್ರ ಮುಖ ಮೊದಲ ಸಲ ಸುತ್ತಲಿನ ಗೋಡೆಗಳ ಮೇಲೆಲ್ಲ ಮೆರೆಯಿತು. ನಾಟಕದ ದಿನ ಪರದೆ ಏಳುವ ಮೊದಲೇ ಶಿಳ್ಳೆ ಬಿತ್ತು. ಹಾರ್ಮೋನಿಯಂ ಪೆಟ್ಟಿಗೆ ಎತ್ತಿಕೊಂಡು ಮೇಷ್ಟ್ರು ಬರುತ್ತಿದ್ದರು.

ಅಲ್ಲಿಂದಾಚೆ ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲೇ ನಾಟಕಕ್ಕೆ ಕರೆದರೂ, ರೀಲಿನ ಕೊನೆಯ ಫೋಟೋವನ್ನು ನಾನು ವೇದಿಕೆಗೆ ಬೆನ್ನು ಹಾಕಿಯೇ ತೆಗೆದೆ.